ತೆರವಾದ ಸಂಸತ್ ಸ್ಥಾನ: ಉಪಚುನಾವಣೆಯೋ, ಪಟ್ಟಿಯೋ, ಬದಲಿಯೋ, ನೇಮಕವೋ?

2017ರ ಅಕ್ಟೋಬರ್ 27ರಂದು ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಐವರು ಸಂಸದರ ಆಯ್ಕೆ ಅಸಿಂಧು ಎಂದಿತು. ಐವರದ್ದೂ ಒಂದೇ ತೊಡಕು: ನಾಮಪತ್ರ ಸಲ್ಲಿಸುವಾಗ ಇನ್ನೊಂದು ದೇಶದ ಪೌರತ್ವವೂ ಅವರಿಗಿತ್ತು. ಅವರಲ್ಲಿ ಉಪಪ್ರಧಾನಿ ಬಾರ್ನಬಿ ಜಾಯ್ಸ್ ಕೆಳಮನೆಯವರು. ಅವರ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ನ್ಯೂಜಿಲೆಂಡಿನ ಪೌರತ್ವ ಬಿಟ್ಟುಕೊಟ್ಟು ನಿಂತ ಜಾಯ್ಸ್ ಡಿಸೆಂಬರ್ 2ರಂದು ಗೆದ್ದು ಅದೇ ಕುರ್ಚಿಗೆ ಮರಳಿದರು. ಅವರದೇ ಪಕ್ಷದ ಫಿಯೋನಾ ನ್ಯಾಶ್ ಮೇಲ್ಮನೆ ಸೆನೆಟ್‌ನವರು. ಅಲ್ಲಿ ಉಪಚುನಾವಣೆ ಇಲ್ಲ. 2016ರ ಮತಪತ್ರಗಳನ್ನೇ, ನ್ಯಾಶ್ ಹೆಸರು ಇರಲೇ ಇಲ್ಲವೆಂದುಕೊಂಡು, ಮತ್ತೆ ಎಣಿಸಿದರು. ಆ ಎಣಿಕೆಯಲ್ಲಿ ಮುಂದೆ ಬಂದವರು ಚುನಾವಣೆಯ ನಂತರ ಒಂದು ಸರ್ಕಾರಿ ಹುದ್ದೆ ಒಪ್ಪಿಕೊಂಡಿದ್ದರು. ಆ ಕಾರಣಕ್ಕೆ ಅವರೂ ಅನರ್ಹರಾದರು. ಕೊನೆಗೆ ಸ್ಥಾನ ಸಿಕ್ಕಿದ್ದು ಜಿಮ್ ಮೋಲನ್ ಅವರಿಗೆ.

ಒಂದೇ ತಪ್ಪು, ಒಂದೇ ದಿನದ ತೀರ್ಪು, ಎರಡು ಹಣೆಬರಹ. ಸದಸ್ಯರು ತೀರಿಕೊಂಡಾಗ, ರಾಜೀನಾಮೆ ಕೊಟ್ಟಾಗ, ಅನರ್ಹರಾದಾಗ ಆ ಸ್ಥಾನ ಹೇಗೆ ತುಂಬಬೇಕು ಎನ್ನುವುದನ್ನು ಸಂವಿಧಾನದ ಮೂಲೆಯಲ್ಲಿರುವ ಸಣ್ಣ ವಿಧಿ ಎಂದು ನಾವು ಹೆಚ್ಚಾಗಿ ಓದದೆ ಬಿಟ್ಟುಬಿಡುತ್ತೇವೆ. ಆದರೆ ಬಹುಮತ ಒಂದೆರಡು ಸ್ಥಾನಗಳ ಮೇಲೆ ನಿಂತಿರುವಾಗ ಸರ್ಕಾರ ಉಳಿಯುವುದೋ ಬೀಳುವುದೋ ಎನ್ನುವುದು ಇದೇ ವಿಧಿಯನ್ನು ಅವಲಂಬಿಸಿರುತ್ತದೆ. ಪ್ರಪಂಚದಲ್ಲಿ ಚಾಲ್ತಿಯಲ್ಲಿರುವ ದಾರಿಗಳು ಮುಖ್ಯವಾಗಿ ಐದು. ಅವನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಆ ಕುರ್ಚಿ ಯಾರದ್ದು?

ದಾರಿ ಆರಿಸುವ ಮುನ್ನ ಈ ಪ್ರಶ್ನೆ ಬಗೆಹರಿಯಬೇಕು. ಮತದಾರ ಮೂಲ ಚುನಾವಣೆಯಲ್ಲಿ ಗುರುತು ಹಾಕಿದ್ದು ಯಾವುದಕ್ಕೆ? ಒಂದು ಕ್ಷೇತ್ರಕ್ಕೆ ಒಬ್ಬರೇ ಎನ್ನುವ ಪದ್ಧತಿಯಲ್ಲಿ ಆತ ಒಬ್ಬ ವ್ಯಕ್ತಿಯನ್ನು ಆರಿಸಿದ. ಪಟ್ಟಿ ಪದ್ಧತಿಯಲ್ಲಿ ಒಂದು ಪಕ್ಷಕ್ಕೆ ಮತ ಕೊಟ್ಟ; ಪಕ್ಷ ಮೊದಲೇ ಕೊಟ್ಟ ಹೆಸರುಗಳ ಪಟ್ಟಿಯಿಂದ, ಅದು ಪಡೆದ ಮತಕ್ಕೆ ತಕ್ಕಷ್ಟು ಜನ ಆಯ್ಕೆಯಾದರು. ಪ್ರಾಶಸ್ತ್ಯ ಮತದ ಪದ್ಧತಿಯಲ್ಲಿ ಹಲವು ಹೆಸರುಗಳಿಗೆ 1, 2, 3 ಎಂದು ಅಂಕಿ ಬರೆದ. ನೂಲಿನಂತೆ ಸೀರೆ ಎನ್ನುವ ಹಾಗೆ, ಮೊದಲ ಮತ ಹೇಗಿತ್ತೋ ತೆರವು ತುಂಬುವ ಕ್ರಮವೂ ಹಾಗೇ ಇರಬೇಕು ಎನ್ನುವುದು ನನ್ನ ನಿಲುವು. ಈ ಹೊಂದಾಣಿಕೆ ತಪ್ಪಿದಲ್ಲೆಲ್ಲ ಯಾರೋ ಒಬ್ಬರ ಮತ ಅವಧಿಯ ನಡುವೆ ಸದ್ದಿಲ್ಲದೆ ಬೆಲೆ ಕಳೆದುಕೊಂಡಿರುತ್ತದೆ. ಕೆಳಗಿನ ಉದಾಹರಣೆಗಳಲ್ಲಿ ಅದು ಕಾಣುತ್ತದೆ.

ಉಪಚುನಾವಣೆ

ಬ್ರಿಟನ್, ಭಾರತ, ಕೆನಡಾ, ಅಮೆರಿಕದ ಕೆಳಮನೆ ಎಲ್ಲವೂ ನಂಬಿರುವ ದಾರಿ ಇದು. ಅಮೆರಿಕದ ಪ್ರತಿನಿಧಿ ಸಭೆಯ ಸಂಗತಿ ಗಮನಿಸಬೇಕಾದದ್ದು: ಅದರ ಇಡೀ ಇತಿಹಾಸದಲ್ಲಿ ನೇಮಕದ ಮೂಲಕ ಬಂದ ಸದಸ್ಯ ಒಬ್ಬರೂ ಇಲ್ಲ. ಎಲ್ಲರೂ ಜನರ ಮುಂದೆ ನಿಂತು ಗೆದ್ದು ಬಂದವರೇ.

ಇದರ ಬಲ ಎಲ್ಲರಿಗೂ ಗೊತ್ತಿರುವಂಥದ್ದು. ತೀರ್ಮಾನ ಮತದಾರನ ಕೈಯಲ್ಲೇ ಉಳಿಯುತ್ತದೆ, ಸರ್ಕಾರಕ್ಕೆ ಅವಧಿಯ ಮಧ್ಯದಲ್ಲಿ ಜನರ ಮನಸ್ಸು ತಿಳಿಯುತ್ತದೆ. ಇದರ ದೌರ್ಬಲ್ಯ ಮಾತ್ರ ಜನ ಅಂದುಕೊಳ್ಳುವ ಕಡೆ ಇಲ್ಲ. ಖರ್ಚು, ಕಡಿಮೆ ಮತದಾನ, ಆಡಳಿತ ಪಕ್ಷ ಇಡೀ ಸಂಪುಟವನ್ನೇ ಒಂದು ಕ್ಷೇತ್ರಕ್ಕೆ ಇಳಿಸುವುದು ಇವೆಲ್ಲ ಇವೆ, ನಿಜ. ಆದರೆ ದೊಡ್ಡ ಪ್ರಶ್ನೆ ದಿನಾಂಕ ನಿಗದಿ ಮಾಡುವವರು ಯಾರು ಎನ್ನುವುದು.

ಐರ್ಲೆಂಡಿನ ಡೊನೆಗಲ್ ನೈಋತ್ಯ ಕ್ಷೇತ್ರದ ಕಥೆ ನೋಡಿ. ಅಲ್ಲಿನ ಸದಸ್ಯರು 2009ರ ಜೂನ್‌ನಲ್ಲಿ ಯುರೋಪಿಯನ್ ಸಂಸತ್ತಿಗೆ ಆಯ್ಕೆಯಾಗಿ ಹೋದರು. ಸ್ಥಾನ ಖಾಲಿ. ಉಪಚುನಾವಣೆಗೆ ಚಾಲನೆ ಕೊಡುವ ಗೊತ್ತುವಳಿ ಸದನದಲ್ಲೇ ಪಾಸಾಗಬೇಕು. ಸದನದಲ್ಲಿ ಬಹುಮತ ಇದ್ದದ್ದು ಸರ್ಕಾರಕ್ಕೆ. ಆರ್ಥಿಕ ಕುಸಿತದ ಆ ದಿನಗಳಲ್ಲಿ ಸರ್ಕಾರಕ್ಕೆ ಸೋಲಿನ ಭಯ. ತಿಂಗಳುಗಳು ಉರುಳಿದವು. ಕೊನೆಗೆ ಪಿಯರ್ಸ್ ಡೊಹರ್ಟಿ ಎಂಬ ಸೆನೆಟ್ ಸದಸ್ಯರು ಹೈಕೋರ್ಟಿಗೆ ಹೋದರು. ಇಷ್ಟು ವಿಳಂಬ ಸಮಂಜಸವಲ್ಲ ಎಂದು 2010ರ ನವೆಂಬರ್‌ನಲ್ಲಿ ಕೋರ್ಟ್ ಹೇಳಿದ ಮೇಲೆ, ಅದೇ ತಿಂಗಳ 25ರಂದು ಮತದಾನ ನಡೆಯಿತು. ಡೊಹರ್ಟಿಯವರೇ ಗೆದ್ದರು. ಸುಮಾರು ಹದಿನೇಳು ತಿಂಗಳು ಆ ಕ್ಷೇತ್ರದ ಜನರಿಗೆ ಒಬ್ಬ ಪ್ರತಿನಿಧಿ ಕಡಿಮೆ. ಮರುವರ್ಷವೇ ಆರು ತಿಂಗಳ ಗಡುವು ಹಾಕುವ ಕಾನೂನು ಬಂತು.

ಗಡುವು ಬರೆದರೆ ಸಾಕೇ? ಸಾಲದು. ಭಾರತದಲ್ಲಿ 1996ರಲ್ಲೇ ಜನಪ್ರಾತಿನಿಧ್ಯ ಕಾಯ್ದೆಗೆ 151ಎ ಸೆಕ್ಷನ್ ಸೇರಿತು. ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ವಿನಾಯಿತಿ ಎರಡು: ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ, ಅಥವಾ ಆ ಅವಧಿಯೊಳಗೆ ನಡೆಸುವುದು ಕಷ್ಟ ಎಂದು ಚುನಾವಣಾ ಆಯೋಗ ಕೇಂದ್ರ ಸರ್ಕಾರದೊಂದಿಗೆ ಸಮಾಲೋಚಿಸಿ ಪ್ರಮಾಣೀಕರಿಸಿದರೆ. ಮೊದಲ ವಿನಾಯಿತಿ ಎಷ್ಟು ಹರಿತ ಎನ್ನುವುದಕ್ಕೆ 2018 ಸಾಕ್ಷಿ. ಲೋಕಸಭೆಯ ಅವಧಿ 2019ರ ಜೂನ್ 3ರವರೆಗಿತ್ತು. ಶಿವಮೊಗ್ಗ, ಬಳ್ಳಾರಿ, ಮಂಡ್ಯ ಸ್ಥಾನಗಳು 2018ರ ಮೇ ತಿಂಗಳಲ್ಲಿ ತೆರವಾದವು. ಆಂಧ್ರದ ಐದು ಸ್ಥಾನಗಳು ಜೂನ್ 20ರಂದು. ಕೆಲವೇ ವಾರಗಳ ಅಂತರ. ಮೊದಲ ಮೂರಕ್ಕೆ ನವೆಂಬರ್‌ನಲ್ಲಿ ಚುನಾವಣೆ ನಡೆದು, ಗೆದ್ದವರು ಕೆಲವೇ ತಿಂಗಳಿಗೆ ಸಂಸದರಾದರು. ಆಂಧ್ರದ ಐದು ಸ್ಥಾನಗಳು ಕೊನೆಯವರೆಗೂ ಖಾಲಿ. ಗೆರೆ ಎಲ್ಲಾದರೂ ಎಳೆಯಲೇಬೇಕು, ಅದನ್ನು ಒಪ್ಪುತ್ತೇನೆ. ಗೆರೆ ಸ್ಪಷ್ಟವಾಗಿದ್ದುದರಿಂದ ಯಾರ ಇಷ್ಟಾನಿಷ್ಟಕ್ಕೂ ಅಲ್ಲಿ ಜಾಗವಿರಲಿಲ್ಲ.

ಎರಡನೇ ವಿನಾಯಿತಿ ಹಾಗಲ್ಲ, ಅದು ರಬ್ಬರಿನಂತೆ ಹಿಗ್ಗುತ್ತದೆ. ಪುಣೆಯ ಸಂಸದ ಗಿರೀಶ್ ಬಾಪಟ್ 2023ರ ಮಾರ್ಚ್ 29ರಂದು ತೀರಿಕೊಂಡರು. ಉಳಿದದ್ದು ಒಂದು ವರ್ಷಕ್ಕಿಂತ ಹೆಚ್ಚು. ಆದರೂ ಚುನಾವಣೆ ಘೋಷಣೆಯಾಗಲಿಲ್ಲ. ಮುಂದಿನ ಸಾರ್ವತ್ರಿಕ ಚುನಾವಣೆಯ ಸಿದ್ಧತೆಯೂ ಒಂದು ಕಾರಣವಾಯಿತು. ಬಾಂಬೆ ಹೈಕೋರ್ಟ್ ಡಿಸೆಂಬರ್‌ನಲ್ಲಿ ಕೂಡಲೇ ಚುನಾವಣೆ ನಡೆಸಿ ಎಂದಿತು, ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. 2024ರ ಸಾರ್ವತ್ರಿಕ ಚುನಾವಣೆಯವರೆಗೂ ಪುಣೆಗೆ ಲೋಕಸಭೆಯಲ್ಲಿ ದನಿ ಇರಲಿಲ್ಲ. ಒಂದು ಬಜೆಟ್ ಅಧಿವೇಶನ ಎಂದರೆ ಎಷ್ಟು ಪ್ರಶ್ನೆ, ಎಷ್ಟು ಮನವಿ, ಎಷ್ಟು ಮತ ಎಂದು ಲೆಕ್ಕ ಹಾಕಿದರೆ ಇದು ಸಣ್ಣ ನಷ್ಟವಲ್ಲ.

ಬ್ರಿಟನ್‌ನಲ್ಲಿ ಗಡುವಿನ ಕಾನೂನೇ ಇಲ್ಲ. ಸ್ಥಾನ ಯಾವ ಪಕ್ಷದ್ದಾಗಿತ್ತೋ ಆ ಪಕ್ಷದ ಸಚೇತಕರೇ ಚುನಾವಣೆಯ ಗೊತ್ತುವಳಿ ಮಂಡಿಸುವುದು, ಮೂರು ತಿಂಗಳೊಳಗೆ ಮಂಡಿಸುವುದು, ಇದು ಅಲ್ಲಿನ ರೂಢಿ. ರೂಢಿಗೆ ಗೌರವ ಇರುವಲ್ಲಿ ಇದು ನಡೆಯುತ್ತದೆ. ಜಪಾನ್ ನನಗೆ ಹೆಚ್ಚು ಹಿಡಿಸಿದ ಕ್ರಮ: ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಆವರೆಗೆ ತೆರವಾದ ಸ್ಥಾನಗಳಿಗೆಲ್ಲ ಒಟ್ಟಿಗೆ ಮತದಾನ. ಕ್ಯಾಲೆಂಡರ್ ನೋಡಿದರೆ ದಿನ ಗೊತ್ತಾಗುತ್ತದೆ, ಯಾರನ್ನೂ ಕಾಡಿ ಬೇಡಬೇಕಾಗಿಲ್ಲ. ಕೆಲವು ಕ್ಷೇತ್ರ ಸ್ವಲ್ಪ ಹೆಚ್ಚು ಕಾಯಬೇಕು. ಆದರೆ ಆ ಕಾಯುವಿಕೆಯಿಂದ ಲಾಭ ಮಾಡಿಕೊಳ್ಳುವವರು ಯಾರೂ ಇರುವುದಿಲ್ಲ.

ಉಪಚುನಾವಣೆಯ ಇನ್ನೊಂದು ನೋವಿನ ಮುಖವಿದೆ. 2016ರ ಜೂನ್‌ನಲ್ಲಿ ಬ್ರಿಟನ್‌ನ ಸಂಸದೆ ಜೋ ಕಾಕ್ಸ್ ಅವರನ್ನು ಅವರ ಕ್ಷೇತ್ರದಲ್ಲೇ ಕೊಲೆ ಮಾಡಲಾಯಿತು. ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಟ್ ಪಕ್ಷಗಳು ಅಭ್ಯರ್ಥಿ ಹಾಕಲಿಲ್ಲ. ಕೊಲೆಯಿಂದ ಒಂದು ಪಕ್ಷದ ಸ್ಥಾನ ಇನ್ನೊಂದಕ್ಕೆ ಹೋಗಬಾರದು ಎನ್ನುವ ಸಂಯಮ ಅದು. ಆದರೆ ಒಮ್ಮೆ ಯೋಚಿಸಿ: ಆ ಸಂಯಮ ಇಲ್ಲದ ಕಡೆ, ಸದಸ್ಯರನ್ನು ಕೊಂದರೆ ಸದನದ ಬಲಾಬಲ ಬದಲಾಗುತ್ತದೆ ಎನ್ನುವ ಸಾಧ್ಯತೆಯನ್ನು ಉಪಚುನಾವಣೆ ತೆರೆದೇ ಇಡುತ್ತದೆ. ಅದೇ ಪಕ್ಷದವರೇ ಬರುವ ಮುಂದಿನ ದಾರಿಗಳಲ್ಲಿ ಈ ಅಪಾಯ ಬಹಳ ಕಡಿಮೆ.

ಪಟ್ಟಿಯ ಮುಂದಿನ ಹೆಸರು

ಜರ್ಮನಿಯಲ್ಲಿ ಸಂಸತ್ತಿಗೆ ಉಪಚುನಾವಣೆಯ ಗದ್ದಲವಿಲ್ಲದೆ ಸ್ಥಾನ ತುಂಬುತ್ತದೆ. ಪಕ್ಷದ ರಾಜ್ಯ ಪಟ್ಟಿಯಲ್ಲಿ ಮುಂದೆ ಇದ್ದವರು ಒಳಬರುತ್ತಾರೆ. ಈ ನಡುವೆ ಪಕ್ಷ ಬಿಟ್ಟವರಿದ್ದರೆ ಅವರನ್ನು ದಾಟಿ ಮುಂದಿನವರಿಗೆ ಕರೆ ಹೋಗುತ್ತದೆ. ನ್ಯೂಜಿಲೆಂಡ್ ಎರಡನ್ನೂ ಇಟ್ಟುಕೊಂಡಿದೆ: ಕ್ಷೇತ್ರದ ಸದಸ್ಯರು ಹೋದರೆ ಉಪಚುನಾವಣೆ, ಪಟ್ಟಿಯ ಸದಸ್ಯರು ಹೋದರೆ ಪಟ್ಟಿಯ ಮುಂದಿನವರು. ನಾನು ಮೇಲೆ ಹೇಳಿದ ಹೊಂದಾಣಿಕೆಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಕುರ್ಚಿ ಹೆಚ್ಚು ದಿನ ಖಾಲಿ ಇರುವುದಿಲ್ಲ, ಪಕ್ಷಗಳ ಬಲಾಬಲ ಕದಲುವುದಿಲ್ಲ. ನಾರ್ವೆಯಲ್ಲಿ ಮಂತ್ರಿಯಾದ ಸದಸ್ಯರ ಜಾಗಕ್ಕೆ ಪಟ್ಟಿಯ ಬದಲಿ ಸದಸ್ಯರು ಬಂದು ಕೂರುತ್ತಾರೆ. ಮಂತ್ರಿಗಿರಿ ಹೋದ ಮೇಲೆ ಹಳಬರು ಮರಳುತ್ತಾರೆ. ಸದನದ ಕೆಲಸ, ಸರ್ಕಾರದ ಕೆಲಸ ಎರಡೂ ನಿಲ್ಲುವುದಿಲ್ಲ.

ಕೊರತೆ ಎಂದರೆ, ಪಟ್ಟಿಯ ಕ್ರಮ ಹಾಕಿದ್ದು ಪಕ್ಷದ ಒಳಮನೆ. ಹನ್ನೆರಡನೇ ಹೆಸರು ಯಾರದೆಂದು ಮತದಾರ ಓದಿಯೇ ಇರುವುದಿಲ್ಲ. ಫಿನ್ಲೆಂಡ್‌ನಲ್ಲಿ ಮತದಾರ ಪಟ್ಟಿಯೊಳಗಿನ ಒಬ್ಬ ಅಭ್ಯರ್ಥಿಗೇ ಮತ ಕೊಡುವುದರಿಂದ, ಆಯ್ಕೆಯಾಗದವರಲ್ಲಿ ಹೆಚ್ಚು ಮತ ಪಡೆದವರೇ ಬದಲಿ. ಪಟ್ಟಿ ಪದ್ಧತಿ ಇಟ್ಟುಕೊಳ್ಳುವುದೇ ಆದರೆ ಹೀಗಿರಲಿ.

ಹಳೆಯ ಮತಪತ್ರಗಳನ್ನೇ ಮತ್ತೆ ತೆರೆಯುವುದು

ಈ ದಾರಿ ಕೆಲವೇ ದೇಶಗಳಲ್ಲಿದೆ. ಹೆಚ್ಚು ಜನರಿಗೆ ಪರಿಚಯವಿಲ್ಲ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಕ್ಷೇತ್ರ, ಮೂರು ಸ್ಥಾನ, ಪ್ರಾಶಸ್ತ್ಯ ಮತದ ಪದ್ಧತಿ ಎಂದುಕೊಳ್ಳಿ. ಗೆಲ್ಲಲು ಬೇಕಾದ ಕೋಟಾ ನಾಲ್ಕನೇ ಒಂದು ಭಾಗಕ್ಕಿಂತ ಒಂದು ಮತ ಹೆಚ್ಚು. ಮೊದಲ ಪಕ್ಷಕ್ಕೆ ಶೇ. 46, ಎರಡನೆಯದಕ್ಕೆ ಶೇ. 28, ಮೂರನೆಯದಕ್ಕೆ ಶೇ. 26 ಮತ. ಮೂರಕ್ಕೂ ಒಂದೊಂದು ಸ್ಥಾನ. ಮೂರನೇ ಪಕ್ಷದ ಸದಸ್ಯೆ ತೀರಿಕೊಂಡರು. ಈಗ ಇಡೀ ಕ್ಷೇತ್ರಕ್ಕೆ ಒಂದೇ ಸ್ಥಾನಕ್ಕಾಗಿ ಉಪಚುನಾವಣೆ ನಡೆಸಿದರೆ? ಒಬ್ಬೇ ಒಬ್ಬ ಮತದಾರ ಮನಸ್ಸು ಬದಲಿಸದಿದ್ದರೂ ಶೇ. 46ರ ಪಕ್ಷವೇ ಮುಂದೆ. ಶೇ. 26ರಷ್ಟು ಜನ ನ್ಯಾಯವಾಗಿ ಗಳಿಸಿದ್ದ ಸ್ಥಾನ ಒಂದು ಸಾವಿನಿಂದ ಕೈತಪ್ಪಿತು. ಐರ್ಲೆಂಡ್ ಇಂದಿಗೂ ಹೀಗೇ ನಡೆಸುತ್ತಿದೆ. ಗಡುವು ಸರಿಪಡಿಸಿಕೊಂಡರೂ ಈ ವಕ್ರವನ್ನು ಮಾತ್ರ ತಿದ್ದಿಕೊಂಡಿಲ್ಲ.

ಮಾಲ್ಟಾದಲ್ಲಿ ಅದೇ ಪ್ರಾಶಸ್ತ್ಯ ಮತದ ಪದ್ಧತಿ ಇದೆ, ತೆರವು ತುಂಬುವ ಬಗೆ ಬೇರೆ. ಸಾರ್ವತ್ರಿಕ ಚುನಾವಣೆಯ ಎಣಿಕೆಯಲ್ಲಿ ಆ ಸದಸ್ಯರನ್ನು ಗೆಲ್ಲಿಸಿದ ಮತಪತ್ರಗಳ ಕಟ್ಟನ್ನು ಹೊರತೆಗೆಯುತ್ತಾರೆ. ಆ ಕ್ಷೇತ್ರದಲ್ಲಿ ಆಗ ಸೋತಿದ್ದು, ಈಗ ಸಿದ್ಧರಿದ್ದೇವೆ ಎಂದು ಮುಂದೆ ಬಂದವರಷ್ಟೇ ಕಣದಲ್ಲಿ. ಪ್ರತಿ ಮತಪತ್ರದಲ್ಲೂ ಹೋದವರ ಹೆಸರು ದಾಟಿ, ಕಣದಲ್ಲಿರುವವರ ಪೈಕಿ ಮುಂದಿನ ಅಂಕಿ ಯಾರಿಗಿದೆ ನೋಡುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕಡೆಯವರನ್ನು ತೆಗೆದು ಅವರ ಮತಗಳನ್ನು ಹಂಚುತ್ತಾರೆ. ಹೊಸ ಮತಗಟ್ಟೆ ಇಲ್ಲ, ಪ್ರಚಾರ ಇಲ್ಲ. ಹೋದ ಸದಸ್ಯರನ್ನು ಯಾರು ಗೆಲ್ಲಿಸಿದ್ದರೋ ಅವರೇ ಮುಂದಿನವರನ್ನೂ ಗೆಲ್ಲಿಸುತ್ತಾರೆ. ಅವರ ಎರಡನೇ ಆಯ್ಕೆ ಆಗಲೇ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದೆ. ನನಗೆ ಈ ಏರ್ಪಾಡಿನ ಬಗ್ಗೆ ನಿಜವಾದ ಮೆಚ್ಚುಗೆ ಇದೆ.

ಇದರ ಮಿತಿಯನ್ನೂ ಹೇಳಬೇಕು. ಮೂರು ವರ್ಷದ ಹಿಂದಿನ ಮನಸ್ಸು ಇಂದಿನ ಮನಸ್ಸಲ್ಲ. ಪಕ್ಷ ಒಬ್ಬರನ್ನೇ ನಿಲ್ಲಿಸಿದ್ದರೆ ಮುಂದಿನ ಆಯ್ಕೆ ಬೇರೆ ಪಕ್ಷಕ್ಕೆ ಹೋಗಬಹುದು, ಆದ್ದರಿಂದ ಪಕ್ಷಗಳು ಹೆಚ್ಚು ಜನರನ್ನು ಕಣಕ್ಕಿಳಿಸುತ್ತವೆ. ಮತ್ತೆ, ಮತಪತ್ರಗಳನ್ನು ಇಡೀ ಅವಧಿ ಜೋಪಾನವಾಗಿ ಇಡಬೇಕು. ಆರಂಭದಲ್ಲಿ ಹೇಳಿದ ಆಸ್ಟ್ರೇಲಿಯಾದ ಸೆನೆಟ್ ಮರುಎಣಿಕೆ ಇದರ ನೆಂಟನೇ, ಆದರೆ ಅಲ್ಲಿ ಅದು ಆಯ್ಕೆಯೇ ಅಸಿಂಧುವಾದಾಗ ಮಾತ್ರ. ಸಾವು, ರಾಜೀನಾಮೆಗೆ ಬೇರೆ ಕ್ರಮವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಜೊತೆಗೇ ಆಯ್ಕೆಯಾದ ಬದಲಿ

ಫ್ರಾನ್ಸ್‌ನಲ್ಲಿ ಅಭ್ಯರ್ಥಿಯ ಜೊತೆಗೆ ಬದಲಿ ಅಭ್ಯರ್ಥಿಯ ಹೆಸರೂ ಮತದಾರನ ಮುಂದಿರುತ್ತದೆ. ಸದಸ್ಯರು ತೀರಿಕೊಂಡರೆ ಅಥವಾ ಮಂತ್ರಿಯಾದರೆ ಬದಲಿಯವರು ಕೂರುತ್ತಾರೆ. ಅಲ್ಲಿ ಮಂತ್ರಿಯಾಗಿದ್ದು ಸಂಸದರೂ ಆಗಿರುವಂತಿಲ್ಲ. ತಾವಾಗಿಯೇ ರಾಜೀನಾಮೆ ಕೊಟ್ಟರೆ ಮಾತ್ರ ಸಾಮಾನ್ಯವಾಗಿ ಉಪಚುನಾವಣೆ. ಈ ಭೇದ ಜಾಣತನದ್ದು. ಸಾವು ಯಾರ ಕೈಯಲ್ಲೂ ಇಲ್ಲ, ರಾಜೀನಾಮೆ ಇದೆ. ಕುರ್ಚಿಯನ್ನು ಸ್ನೇಹಿತನಿಗೆ ಧಾರೆ ಎರೆಯಲು ರಾಜೀನಾಮೆ ದಾರಿಯಾಗಬಾರದು.

ಆ ಬಾಗಿಲು ತೆರೆದಿಟ್ಟರೆ ಏನಾಗುತ್ತದೆ ಎನ್ನುವುದನ್ನು ಮೆಕ್ಸಿಕೊ ಕಂಡಿತು. ಅಲ್ಲಿ ಮಹಿಳಾ ಅಭ್ಯರ್ಥಿಗಳ ಪ್ರಮಾಣಕ್ಕೆ ಕಾನೂನಿತ್ತು. 2009ರಲ್ಲಿ ಕೆಳಮನೆ ಸೇರಿದ ಕೆಲವೇ ದಿನಗಳಲ್ಲಿ ಹಲವು ಮಹಿಳೆಯರು ಸ್ಥಾನ ಬಿಟ್ಟರು, ಅವರ ಬದಲಿಗಳಾಗಿದ್ದ ಗಂಡಸರು ಬಂದು ಕೂತರು. ಮೀಸಲು ಕಾಗದದಲ್ಲಿ ಪೂರ್ತಿ, ಸದನದಲ್ಲಿ ಸೊನ್ನೆ. 2011ರಲ್ಲಿ ಚುನಾವಣಾ ನ್ಯಾಯಮಂಡಳಿ, ಬದಲಿಯೂ ಅದೇ ಲಿಂಗದವರಿರಬೇಕು ಎಂದು ತೀರ್ಪು ಕೊಟ್ಟ ಮೇಲೆ ಆ ಬಾಗಿಲು ಮುಚ್ಚಿತು. ಬದಲಿ ಪದ್ಧತಿ ಬೇಕೆನ್ನುವವರು ಈ ಷರತ್ತನ್ನು ಮೊದಲ ದಿನವೇ ಬರೆದುಕೊಳ್ಳಬೇಕು.

ನೇಮಕ

ಇಲ್ಲಿ ನಾನು ತಟಸ್ಥನಲ್ಲ. ಒಬ್ಬ ಅಧಿಕಾರಸ್ಥನ ಕೈಗೆ ಜನಪ್ರತಿನಿಧಿಯ ಕುರ್ಚಿ ಕೊಡುವುದು ಈ ಐದರಲ್ಲಿ ತೀರ ಕೆಟ್ಟ ದಾರಿ.

ಅಮೆರಿಕದಲ್ಲಿ 1913ರ ಹದಿನೇಳನೇ ತಿದ್ದುಪಡಿ, ಸೆನೆಟ್ ಸ್ಥಾನ ತೆರವಾದರೆ ಚುನಾವಣೆ ನಡೆಯುವವರೆಗೆ ತಾತ್ಕಾಲಿಕ ನೇಮಕ ಮಾಡುವ ಅಧಿಕಾರವನ್ನು ರಾಜ್ಯಪಾಲರಿಗೆ (ಅಲ್ಲಿ ಇವರು ಜನರೇ ಆರಿಸಿದ, ರಾಜ್ಯ ಸರ್ಕಾರದ ಮುಖ್ಯಸ್ಥರು) ಕೊಡಲು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಮ್ಯಾಸಚೂಸೆಟ್ಸ್ ಅದನ್ನು ಬಳಸಿದ ಬಗೆ ನೋಡಿ. 2004ರಲ್ಲಿ ಅಲ್ಲಿನ ಸೆನೆಟರ್ ಜಾನ್ ಕೆರಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಗೆದ್ದರೆ ರಿಪಬ್ಲಿಕನ್ ರಾಜ್ಯಪಾಲ ಮಿಟ್ ರಾಮ್ನಿ ತಮ್ಮವರನ್ನು ನೇಮಿಸಿಬಿಡುತ್ತಾರೆ ಎಂದು, ಡೆಮಾಕ್ರಟಿಕ್ ಬಹುಮತದ ಶಾಸನಸಭೆ ನೇಮಕದ ಅಧಿಕಾರವನ್ನೇ ಕಿತ್ತುಹಾಕಿತು. ಕೆರಿ ಸೋತರು. 2009ರ ಆಗಸ್ಟ್‌ನಲ್ಲಿ ಅಲ್ಲಿನ ಇನ್ನೊಬ್ಬ ಸೆನೆಟರ್ ಎಡ್ವರ್ಡ್ ಕೆನಡಿ ತೀರಿಕೊಂಡಾಗ ರಾಜ್ಯಪಾಲರು ಡೆಮಾಕ್ರಟ್. ಅದೇ ಶಾಸನಸಭೆ ಸೆಪ್ಟೆಂಬರ್‌ನಲ್ಲಿ ಅದೇ ಅಧಿಕಾರವನ್ನು ಮರಳಿ ಕೊಟ್ಟಿತು. ಪಾಲ್ ಕಿರ್ಕ್ ನೇಮಕವಾದರು. ಆದರೆ 2010ರ ಜನವರಿ 19ರಂದು ಮತದಾರರು ಮತ ಹಾಕಿದಾಗ ಗೆದ್ದವರು ರಿಪಬ್ಲಿಕನ್ ಪಕ್ಷದ ಸ್ಕಾಟ್ ಬ್ರೌನ್. ಐದು ವರ್ಷದಲ್ಲಿ ಎರಡು ಸಲ ನಿಯಮ ತಿರುಗಿತು, ಎರಡು ಸಲವೂ ಕಾರಣ ಆ ಕ್ಷಣದಲ್ಲಿ ರಾಜ್ಯಪಾಲರ ಪಕ್ಷ ಯಾವುದು ಎನ್ನುವುದು.

ಇಲಿನಾಯ್ ಇನ್ನೂ ಕೆಳಕ್ಕಿಳಿಯಿತು. ಬರಾಕ್ ಒಬಾಮ ಅಧ್ಯಕ್ಷರಾಗಿ ಬಿಟ್ಟ ಸೆನೆಟ್ ಸ್ಥಾನವನ್ನು ಮಾರಾಟಕ್ಕಿಟ್ಟ ಆರೋಪದ ಮೇಲೆ ರಾಜ್ಯಪಾಲ ರಾಡ್ ಬ್ಲಾಗೊಯೆವಿಚ್ 2008ರ ಡಿಸೆಂಬರ್‌ನಲ್ಲಿ ಬಂಧನಕ್ಕೊಳಗಾದರು. ಬಂಧನದ ನಂತರವೂ ಆ ಸ್ಥಾನಕ್ಕೆ ನೇಮಕ ಮಾಡಿದವರು ಅವರೇ! ಮುಂದೆ ಭ್ರಷ್ಟಾಚಾರದ ಆರೋಪಗಳು ಸಾಬೀತಾಗಿ 14 ವರ್ಷಗಳ ಶಿಕ್ಷೆಯಾಯಿತು, ಕೊನೆಗೆ ಅಧ್ಯಕ್ಷರ ಕ್ಷಮಾದಾನವೂ ಸಿಕ್ಕಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

ಆಸ್ಟ್ರೇಲಿಯಾದಲ್ಲಿ ಸೆನೆಟ್‌ಗೆ ಬದಲಿಯನ್ನು ಆಯಾ ರಾಜ್ಯದ ಶಾಸನಸಭೆ ಆರಿಸುತ್ತದೆ. ಹೋದವರ ಪಕ್ಷದವರನ್ನೇ ಕಳಿಸುವುದು ದಶಕಗಳ ಮಾತಾಗಿತ್ತು, ಬರಹವಾಗಿರಲಿಲ್ಲ. 1975ರಲ್ಲಿ ಲೇಬರ್ ಸೆನೆಟರ್ ಬರ್ಟಿ ಮಿಲಿನರ್ ತೀರಿಕೊಂಡಾಗ, ಕ್ವೀನ್ಸ್‌ಲ್ಯಾಂಡ್ ರಾಜ್ಯ ಸರ್ಕಾರದ ಮುಖ್ಯಸ್ಥ ಜೋ ಬೆಲ್ಕಿ ಪೀಟರ್ಸನ್ ಪಕ್ಷ ಸೂಚಿಸಿದವರನ್ನು ಬಿಟ್ಟು, ಲೇಬರ್ ಪಕ್ಷದವರೇ ಆದ ಪ್ರಧಾನಿ ವಿಟ್ಲಮ್ ಅವರನ್ನು ವಿರೋಧಿಸುತ್ತಿದ್ದ ಆಲ್ಬರ್ಟ್ ಫೀಲ್ಡ್ ಎಂಬವರನ್ನು ಕಳಿಸಿದರು. ಫೀಲ್ಡ್ ಆಯ್ಕೆ ಕೋರ್ಟಿನಲ್ಲಿದ್ದ ಕಾರಣ ಅವರು ರಜೆಯಲ್ಲಿದ್ದರು. ಆದರೂ ಲೇಬರ್‌ಗೆ ಒಂದು ಮತ ಕಡಿಮೆ ಬಿದ್ದೇ ಬಿತ್ತು. ಸೆನೆಟ್ ಬಜೆಟ್ ತಡೆಹಿಡಿಯಿತು, ನವೆಂಬರ್ 11ರಂದು ಗವರ್ನರ್ ಜನರಲ್ ಸರ್ಕಾರವನ್ನೇ ವಜಾ ಮಾಡಿದರು. 1977ರ ಜನಮತಗಣನೆಯಲ್ಲಿ ಜನರೇ ಸಂವಿಧಾನ ತಿದ್ದಿ, ಬದಲಿಯವರು ಅದೇ ಪಕ್ಷದವರಿರಬೇಕು ಎಂದು ಬರೆಸಿದರು.

ಹಾಗಾದರೆ ಯಾವುದು?

ಒಂದು ಕ್ಷೇತ್ರಕ್ಕೆ ಒಬ್ಬರು ಎನ್ನುವ ಪದ್ಧತಿ ಇದ್ದರೆ ಉಪಚುನಾವಣೆ, ಜಪಾನಿನಂತೆ ಮೊದಲೇ ಗೊತ್ತಿರುವ ದಿನದಲ್ಲಿ. "ಕಷ್ಟ" ಎಂಬ ಒಂದೇ ಮಾತಿನ ವಿನಾಯಿತಿ ಬೇಡ. ಮುಂದೂಡಲೇಬೇಕಾದರೆ ಕಾರಣವನ್ನು ಬಹಿರಂಗವಾಗಿ ಬರೆದು, ಹೊಸ ದಿನವನ್ನೂ ಅದೇ ಆದೇಶದಲ್ಲಿ ಹೇಳಲಿ. ಉಳಿದ ಅವಧಿಯ ಗೆರೆ ಭಾರತದಲ್ಲಿ, ಫ್ರಾನ್ಸ್‌ನಲ್ಲಿ ಒಂದು ವರ್ಷ, ಕೆನಡಾದಲ್ಲಿ ಒಂಬತ್ತು ತಿಂಗಳು. ಐದು ವರ್ಷದ ಅವಧಿಯಲ್ಲಿ ಒಂದು ವರ್ಷ ಎಂದರೆ ಐದನೇ ಒಂದು ಭಾಗ. ನನ್ನ ಮಟ್ಟಿಗೆ ಅದು ಜಾಸ್ತಿ, ಆರು ತಿಂಗಳು ಸಾಕು. ಪಟ್ಟಿ ಪದ್ಧತಿ ಇದ್ದರೆ ಪಟ್ಟಿ, ಅದೂ ಮತದಾರನ ಗುರುತಿಗೆ ಬೆಲೆ ಇರುವ ಪಟ್ಟಿ. ಪ್ರಾಶಸ್ತ್ಯ ಮತ ಇದ್ದರೆ ಕಣ್ಣುಮುಚ್ಚಿ ಮಾಲ್ಟಾದ ದಾರಿ. ಮೀಸಲು ಸ್ಥಾನಗಳಿರುವಲ್ಲಿ ಬರುವವರೂ ಅದೇ ವರ್ಗದವರು ಎನ್ನುವುದು ಯಾವ ದಾರಿಯಲ್ಲೂ ಬಿಡಬಾರದ ಮಾತು.

ಹೆರಿಗೆ, ದೀರ್ಘ ಕಾಯಿಲೆಯಂಥ ಗೈರುಹಾಜರಿಗೆ ನೆದರ್ಲೆಂಡ್ಸ್ 16 ವಾರಗಳ ಬದಲಿ ಕೊಡುತ್ತದೆ, ಸ್ಥಾನ ಸದಸ್ಯರದ್ದಾಗೇ ಉಳಿಯುತ್ತದೆ. ಹಸುಗೂಸು ಎತ್ತಿಕೊಂಡು ಮತಕ್ಕೆ ಓಡಿಬರಬೇಕಾದ ಅವಸ್ಥೆ ಯಾವ ಸಂಸದೆಗೂ ಬರಬಾರದು. ಪಟ್ಟಿ ಇರುವ ದೇಶಗಳು ಇದನ್ನು ನಾಳೆಯೇ ಮಾಡಬಹುದು.

ನೇಮಕಕ್ಕೆ ನಾನು ಜಾಗ ಬಿಡುವುದು ಒಂದೇ ಕಡೆ: ದಾಳಿಯಲ್ಲೋ ದುರಂತದಲ್ಲೋ ಸದನದ ದೊಡ್ಡ ಭಾಗವೇ ಇಲ್ಲವಾದರೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದಲ್ಲಿ ಈ ಚರ್ಚೆ ಎದ್ದಿತು. 2005ರ ಕಾನೂನಿನ ಪ್ರಕಾರ ಪ್ರತಿನಿಧಿ ಸಭೆಯಲ್ಲಿ 100ಕ್ಕಿಂತ ಹೆಚ್ಚು ಸ್ಥಾನ ತೆರವಾದರೆ 49 ದಿನಗಳೊಳಗೆ ಚುನಾವಣೆ ನಡೆಯಬೇಕು. ಆದರೆ ಅಲ್ಲಿ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿಯ ಲೆಕ್ಕ, ಬದುಕಿರುವ ಸದಸ್ಯರ ಮೇಲೆ ನಿಂತಿದೆ. 435 ಜನರ ಸಭೆಯಲ್ಲಿ ಬೆರಳೆಣಿಕೆಯವರು ಉಳಿದರೂ, ಆ ಏಳು ವಾರ ಅವರೇ ಯುದ್ಧಕ್ಕೂ ತೆರಿಗೆಗೂ ಒಪ್ಪಿಗೆ ಕೊಡಬಹುದು. ಅಂಥ ಏಳು ವಾರಕ್ಕೆ ಪ್ರತಿ ಸದಸ್ಯರೂ ಪ್ರಮಾಣವಚನದ ದಿನವೇ ತಮ್ಮ ಪಕ್ಷದ ಒಬ್ಬರ ಹೆಸರನ್ನು ಬಹಿರಂಗವಾಗಿ ದಾಖಲಿಸಿಡಲಿ. ಆ ವ್ಯಕ್ತಿ ಮುಂದಿನ ಉಪಚುನಾವಣೆಗೆ ನಿಲ್ಲುವಂತಿಲ್ಲ, ಗೆದ್ದವರು ಪ್ರಮಾಣವಚನ ತೆಗೆದುಕೊಂಡ ಕ್ಷಣ ಅವರ ಅಧಿಕಾರ ತಾನಾಗಿ ಮುಗಿಯಬೇಕು.